ಹಿಮ ಕರಗುವ ಋತುವಿನ ನೆರೆ ಮತ್ತು ಜನಸಮುದಾಯದ ಸಿದ್ಧತೆ

ಪ್ರವೇಶ

ಕರ್ನಾಟಕದ ನದಿಗಳೆಲ್ಲವೂ ಮಳೆಯನ್ನೇ ಆಶ್ರಯಿಸಿದವು. ಮಹಾಬಲೇಶ್ವರದ ಸುತ್ತಲಿನ ಘಟ್ಟಗಳಲ್ಲಿ ಜಡಿಮಳೆ ಹಿಡಿದ ಕೆಲವೇ ದಿನಗಳಲ್ಲಿ ಕೃಷ್ಣೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ನುಗ್ಗುತ್ತಾಳೆ. ಕೊಡಗಿನಲ್ಲಿ ಮಳೆ ಸುರಿದರೆ ಕಾವೇರಿ ಉಕ್ಕುತ್ತಾಳೆ. ಆದ್ದರಿಂದ ಕನ್ನಡಿಗರ ಅನುಭವದಲ್ಲಿ ನೆರೆಯೆಂಬುದು ಅವಸರದ ಆಪತ್ತು. ಮಳೆ ಬಿದ್ದ ಮೇಲೆ ಲೆಕ್ಕ, ಲೆಕ್ಕ ಮುಗಿಯುವಷ್ಟರಲ್ಲಿ ನೀರು ಹೊಸ್ತಿಲಿಗೆ. ಹಿಮಾಲಯ, ಆಂಡೀಸ್, ಉತ್ತರ ಅಮೆರಿಕದ ರಾಕಿ ಮತ್ತು ಸಿಯೆರಾ ನೆವಾಡ ಮುಂತಾದ ಪರ್ವತಶ್ರೇಣಿಗಳ ತಪ್ಪಲಿನಲ್ಲಿ ಇನ್ನೊಂದು ಬಗೆಯ ನೆರೆಯುಂಟು. ಚಳಿಗಾಲದಲ್ಲಿ ಬಿದ್ದ ನೀರು ಅಲ್ಲಿ ಹಿಮವಾಗಿ ತಿಂಗಳುಗಟ್ಟಲೆ ಬೆಟ್ಟದ ಮೇಲೆಯೇ ನಿಂತಿರುತ್ತದೆ. ವಸಂತ ಕಾಲಿಟ್ಟ ಮೇಲೆ ಕರಗಿ ಕಣಿವೆಗೆ ಇಳಿಯುತ್ತದೆ. ಮುಂದೆ ಬರಲಿರುವ ನೆರೆಯ ನೀರನ್ನು ಅದು ಬರುವ ಮೊದಲೇ ತೂಗಿ ನೋಡಲು ಸಾಧ್ಯವಾಗುವುದು ಇಂತಹ ನದಿಗಳಲ್ಲಿ ಮಾತ್ರ.

ಇಷ್ಟೊಂದು ಕಾಲಾವಕಾಶವಿದ್ದರೂ ಹಿಮದ ನೀರಿನಲ್ಲಿ ಊರುಗಳು ಮುಳುಗಿವೆ, ಪ್ರಾಣಗಳು ಹೋಗಿವೆ. ಅದಕ್ಕೆ ಕಾರಣವೇನು, ಮತ್ತು ಸಮುದಾಯಗಳು ಈ ಅವಕಾಶವನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದು ಇಲ್ಲಿನ ವಿಚಾರ. ಉತ್ತರದ ಎಳೆ ಹಿಮ ಕರಗುವ ಕ್ರಿಯೆಯಲ್ಲಿಯೇ ಇದೆ. ಎಷ್ಟು ನೀರು ಬರಲಿದೆ ಎಂಬುದು ತಿಂಗಳುಗಳ ಮೊದಲೇ ತಿಳಿಯುತ್ತದೆ. ಎಷ್ಟು ವೇಗವಾಗಿ ಬರಲಿದೆ ಎಂಬುದು ಕೊನೆಯ ಕೆಲವು ದಿನಗಳಲ್ಲಷ್ಟೇ ತಿಳಿಯುತ್ತದೆ. ಈ ಎರಡು ತಿಳಿವುಗಳಿಗೆ ಬೇಕಾದ ಸಿದ್ಧತೆಗಳೂ ಎರಡು.

ಹಿಮವನ್ನು ತೂಗುವ ವಿದ್ಯೆ

ಹಿಮದ ಆಳವನ್ನು ಅಳೆದ ಮಾತ್ರಕ್ಕೆ ಅದರಲ್ಲಿರುವ ನೀರು ತಿಳಿಯದು. ಹೊಸದಾಗಿ ಬಿದ್ದ ಹಿಮ ಅರಳೆಯಂತೆ ಹಗುರ. ಒಂದು ಮೀಟರ್ ಆಳದ ಹೊಸ ಹಿಮವನ್ನು ಕರಗಿಸಿದರೆ ಸುಮಾರು 10 ಸೆಂಟಿಮೀಟರ್ ನೀರು ಸಿಕ್ಕೀತು. ಅದೇ ಹಿಮ ತನ್ನ ಭಾರಕ್ಕೆ ತಾನೇ ಕುಸಿದು, ಹಗಲು ಕರಗಿ ಇರುಳು ಹೆಪ್ಪುಗಟ್ಟಿ ವಸಂತದ ಹೊತ್ತಿಗೆ ಗಟ್ಟಿಯಾದಾಗ ಒಂದು ಮೀಟರಿನಲ್ಲಿ 40 ಸೆಂಟಿಮೀಟರಿನಷ್ಟು ನೀರಿರಬಹುದು. ಹೀಗೆ ಹಿಮದಲ್ಲಿ ಅಡಗಿರುವ ನೀರಿನ ಆಳವನ್ನು ಅದರ ‘ಜಲತುಲ್ಯ ಪ್ರಮಾಣ’ ಎಂದು ಕರೆಯಬಹುದು. ನೆರೆಯ ಲೆಕ್ಕಕ್ಕೆ ಬೇಕಾದುದು ಇದೇ.

ಇದನ್ನು ಅಳೆಯುವ ಸರಳ ಉಪಾಯವನ್ನು ರೂಪಿಸಿದವರು ಅಮೆರಿಕದ ನೆವಾಡ ವಿಶ್ವವಿದ್ಯಾಲಯದ ಜೇಮ್ಸ್ ಚರ್ಚ್. ಅವರು ಇಂಜಿನಿಯರ್ ಆಗಿರಲಿಲ್ಲ, ಪ್ರಾಚೀನ ಭಾಷಾಸಾಹಿತ್ಯದ ಪ್ರಾಧ್ಯಾಪಕರಾಗಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮೌಂಟ್ ರೋಸ್ ಶಿಖರದ ಮೇಲೆ ವೀಕ್ಷಣಾಲಯ ಕಟ್ಟಿಕೊಂಡು, ಹಲ್ಲುಗಳುಳ್ಳ ಬಾಯಿಯ ಉದ್ದನೆಯ ಲೋಹದ ಕೊಳವೆಯೊಂದನ್ನು ಹಿಮದೊಳಕ್ಕೆ ಇಳಿಸಿ, ಕೊಳವೆಯಲ್ಲಿ ಬಂದ ಹಿಮವನ್ನು ತಕ್ಕಡಿಯಲ್ಲಿ ತೂಗುವ ಪದ್ಧತಿಯನ್ನು ಅವರು ಬೆಳೆಸಿದರು. ತೂಕದಿಂದ ನೇರವಾಗಿ ನೀರಿನ ಆಳ ದೊರೆಯುತ್ತಿತ್ತು. ಟಾಹೋ ಸರೋವರದ ನೀರು ವಸಂತದಲ್ಲಿ ಎಷ್ಟು ಏರೀತು ಎಂಬ ತಗಾದೆಗೆ ಈ ಲೆಕ್ಕ ಉತ್ತರವಾಯಿತು. ವರ್ಷವರ್ಷವೂ ಅದೇ ಜಾಗ, ಅದೇ ದಿನಾಂಕಗಳಲ್ಲಿ ಅಳೆಯುವ ‘ಹಿಮಪಥ’ಗಳ ಪದ್ಧತಿ ಅಲ್ಲಿಂದ ಹಬ್ಬಿತು. 1935ರಿಂದ ಅಮೆರಿಕದ ಸಂಯುಕ್ತ ಸರ್ಕಾರವೇ ಈ ಕೆಲಸವನ್ನು ವಹಿಸಿಕೊಂಡಿತು.

ಇಂದು ಅಲ್ಲಿನ ಪರ್ವತಗಳಲ್ಲಿ ಸುಮಾರು 900 ಸ್ವಯಂಚಾಲಿತ ಕೇಂದ್ರಗಳಿವೆ. ನೆಲದ ಮೇಲೆ ಹಾಸಿದ, ಹೆಪ್ಪುಗಟ್ಟದ ದ್ರವ ತುಂಬಿದ ದಿಂಬಿನಂತಹ ಸಾಧನದ ಮೇಲೆ ಹಿಮ ಕೂತಾಗ ಬೀಳುವ ಒತ್ತಡವೇ ಅಲ್ಲಿ ತಕ್ಕಡಿ. 2013ರಿಂದೀಚೆಗೆ ವಿಮಾನದಿಂದ ಲೇಸರ್ ಕಿರಣ ಹಾಯಿಸಿ ಇಡೀ ಕಣಿವೆಯ ಹಿಮದ ಆಳವನ್ನು ನಕ್ಷೆಗೆ ಇಳಿಸುವ ಪದ್ಧತಿಯೂ ಬಳಕೆಗೆ ಬಂದಿದೆ. ಆದರೂ ಕೊಳವೆ ಹಿಡಿದು ಹಿಮದಲ್ಲಿ ನಡೆಯುವ ಮಾಪಕರ ಕೆಲಸ ನಿಂತಿಲ್ಲ. ಯಂತ್ರ ಕೊಡುವ ಅಂಕಿಯನ್ನು ಒರೆಗೆ ಹಚ್ಚಲು ಮನುಷ್ಯನ ಅಳತೆ ಬೇಕಾಗುತ್ತದೆ.

ಕರಗುವಿಕೆಯ ವೇಗ

ಒಂದು ಕಿಲೋಗ್ರಾಂ ಹಿಮವನ್ನು ನೀರಾಗಿಸಲು 334 ಕಿಲೋಜೂಲ್ ಶಾಖ ಬೇಕು. ಅದಕ್ಕೂ ಮೊದಲು ಹಿಮರಾಶಿಯಿಡೀ ಶೂನ್ಯ ಡಿಗ್ರಿಗೆ ಬರಬೇಕು, ಅದರ ಒಡಲಿನ ರಂಧ್ರಗಳು ನೀರನ್ನು ಹೀರಿ ತಣಿಯಬೇಕು. ಈ ‘ಮಾಗುವ’ ಅವಧಿಯಲ್ಲಿ ಬಿಸಿಲು ಎಷ್ಟು ಕಾದರೂ ನದಿಯಲ್ಲಿ ಹೆಚ್ಚೇನೂ ಕಾಣಿಸದು. ಮಾಗಿದ ಮೇಲೆ ಮಾತ್ರ ಬೀಳುವ ಪ್ರತಿಯೊಂದು ಬಿಸಿಲಕಿರಣವೂ ನೀರನ್ನು ಹೊರಡಿಸುತ್ತದೆ. ಹೊಸ ಹಿಮ ಬಿಸಿಲಿನ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಧೂಳು ಕೂತು ಮಾಸಿದ ಹಳೆಯ ಹಿಮ ಅರ್ಧದಷ್ಟನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಋತು ಮುಂದುವರಿದಂತೆ ಕರಗುವಿಕೆ ತಾನಾಗಿಯೇ ಚುರುಕಾಗುತ್ತದೆ.

ಬೆಚ್ಚನೆಯ ಮಳೆ ಹಿಮವನ್ನು ಕರಗಿಸಿಬಿಡುತ್ತದೆ ಎಂಬ ನಂಬಿಕೆ ಸಾಮಾನ್ಯ. ಲೆಕ್ಕ ಬೇರೆಯೇ ಹೇಳುತ್ತದೆ. 10 ಡಿಗ್ರಿ ಸೆಲ್ಸಿಯಸ್ ಬಿಸುಪಿನ 10 ಮಿಲಿಮೀಟರ್ ಮಳೆ ಕರಗಿಸಬಲ್ಲ ಹಿಮ ಒಂದೂಕಾಲು ಮಿಲಿಮೀಟರ್ ನೀರಿನಷ್ಟು ಮಾತ್ರ. ಮಳೆಯೊಡನೆ ಬೀಸುವ ತೇವದ ಗಾಳಿಯೇ ನಿಜವಾದ ಕೆಲಸಗಾರ. ಗಾಳಿಯಲ್ಲಿನ ಆವಿ ಹಿಮದ ಮೇಲೆ ಸಾಂದ್ರಗೊಂಡು ನೀರಾಗುವಾಗ ಬಿಡುವ ಶಾಖ, ತನ್ನ ತೂಕದ ಸುಮಾರು ಏಳೂವರೆ ಪಟ್ಟು ಹಿಮವನ್ನು ಕರಗಿಸುತ್ತದೆ. ಮಳೆಯ ನೀರೂ ಕರಗಿದ ನೀರೂ ಒಟ್ಟುಗೂಡಿ ಹೊರಡುವುದರಿಂದ, ಮಾಗಿದ ಹಿಮದ ಮೇಲೆ ಬೀಳುವ ಮಳೆ ಅತ್ಯಂತ ಅಪಾಯಕಾರಿ.

ಇದರಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ‘ಈ ವರ್ಷ ಹಿಮ ವಾಡಿಕೆಗಿಂತ ಒಂದೂವರೆ ಪಟ್ಟು ಹೆಚ್ಚು’ ಎಂಬ ಪ್ರಕಟಣೆ ನೆರೆಯ ಭವಿಷ್ಯವಲ್ಲ. ಹಿಮ ಹೇರಳವಾಗಿದ್ದೂ ತಂಪು ವಸಂತದಲ್ಲಿ ಮೆಲ್ಲಗೆ ಕರಗಿ ಹೋದರೆ ನದಿ ದಡ ಮೀರದು. ಹಿಮ ವಾಡಿಕೆಗಿಂತ ತುಸು ಮಾತ್ರ ಹೆಚ್ಚಿದ್ದು, ಚಳಿ ತಡವಾಗಿ ಬಿಟ್ಟು ಒಮ್ಮೆಲೇ ಸೆಕೆಯೂ ಮಳೆಯೂ ಕೂಡಿ ಬಂದರೆ ಮಹಾಪೂರವಾದೀತು. 1948ರಲ್ಲಿ ಆದದ್ದು ಇದೇ.

ವ್ಯಾನ್‌ಪೋರ್ಟ್ ನಗರದ ಒಂದು ಸಂಜೆ

ಕೊಲಂಬಿಯಾ ನದಿ ಕೆನಡಾದ ರಾಕಿ ಪರ್ವತಗಳಲ್ಲಿ ಹುಟ್ಟಿ ಅಮೆರಿಕದ ವಾಷಿಂಗ್ಟನ್ ಮತ್ತು ಆರೆಗನ್ ರಾಜ್ಯಗಳ ನಡುವೆ ಹರಿದು ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಬಳಿ ನದಿಯ ತಗ್ಗು ನೆಲದಲ್ಲಿ ಹಡಗು ಕಟ್ಟುವ ಕಾರ್ಮಿಕರಿಗಾಗಿ ವ್ಯಾನ್‌ಪೋರ್ಟ್ ಎಂಬ ವಸತಿನಗರ ತಲೆಯೆತ್ತಿತು. ಯುದ್ಧಕಾಲದ ಉತ್ತುಂಗದಲ್ಲಿ ಅಲ್ಲಿ ಸುಮಾರು 40,000 ಜನರಿದ್ದು, ಅದು ಆರೆಗನ್ ರಾಜ್ಯದ ಎರಡನೆಯ ದೊಡ್ಡ ನಗರವಾಗಿತ್ತು. 1948ರ ಹೊತ್ತಿಗೆ ಸುಮಾರು 18,500 ಜನ ಉಳಿದಿದ್ದರು. ಅವರಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಕಪ್ಪುಜನಾಂಗದವರು. ಪೋರ್ಟ್‌ಲ್ಯಾಂಡಿನ ಇತರ ಬಡಾವಣೆಗಳಲ್ಲಿ ಅವರಿಗೆ ಮನೆ ಸಿಗುವುದು ದುಸ್ತರವಾಗಿತ್ತು. ನಗರದ ಸುತ್ತ ಏರಿಗಳಿದ್ದವು. ಅವುಗಳಲ್ಲಿ ಒಂದು ಬದಿಯದು ರೈಲುಹಳಿಗೆಂದು ಸುರಿದ ಮಣ್ಣಿನ ದಿಬ್ಬವೇ ಹೊರತು ನೀರು ತಡೆಯಲೆಂದು ಕಟ್ಟಿದ್ದಲ್ಲ.

ಆ ವರ್ಷ ವಸಂತ ತಂಪಾಗಿದ್ದು ಹಿಮ ಬೆಟ್ಟದ ಮೇಲೆಯೇ ಉಳಿದಿತ್ತು. ಮೇ ತಿಂಗಳ ಉತ್ತರಾರ್ಧದಲ್ಲಿ ಬಿಸುಪು ಏರಿ, ಮಳೆಯೂ ಸೇರಿಕೊಂಡಿತು. ನದಿ ದಿನೇ ದಿನೇ ಏರತೊಡಗಿತು. ಮೇ 30ರ ಭಾನುವಾರ ಬೆಳಿಗ್ಗೆ ನಗರದ ನೆಲಮಟ್ಟಕ್ಕಿಂತ ನದಿಯ ಮಟ್ಟ ಸುಮಾರು 15 ಅಡಿ ಮೇಲಿತ್ತು. ಅಂದು ವಸತಿ ಮಂಡಳಿ ಮನೆಮನೆಗೂ ಒಂದು ಚೀಟಿ ಹಂಚಿತು. ಏರಿಗಳು ಸದ್ಯಕ್ಕೆ ಭದ್ರವಾಗಿವೆ, ಅಗತ್ಯಬಿದ್ದರೆ ಎಚ್ಚರಿಕೆ ಕೊಡಲಾಗುವುದು, ಹೊರಡಲು ಸಮಯ ಸಿಗುವುದು, ಗಾಬರಿ ಬೇಡ ಎಂಬುದು ಅದರ ಸಾರ. ಸಂಜೆ 4 ಗಂಟೆ 17 ನಿಮಿಷಕ್ಕೆ ರೈಲಿನ ದಿಬ್ಬ ಒಡೆಯಿತು. ನಗರದೊಳಗಿನ ಹಳ್ಳಕೊಳ್ಳಗಳು ಮೊದಲು ತುಂಬಬೇಕಾದ್ದರಿಂದ ಜನರಿಗೆ ಅರ್ಧ ಗಂಟೆಗೂ ಹೆಚ್ಚು ಸಮಯ ದೊರೆಯಿತು. ರಜೆಯ ದಿನವಾದ್ದರಿಂದ ಹಲವರು ಊರಿನಲ್ಲಿರಲಿಲ್ಲ. ಆದರೂ 15 ಜನ ಸತ್ತರು. ಮರದ ಮನೆಗಳು ಬುಡ ಕಳಚಿ ತೇಲಿದವು. ಅಂದಿನ ಇರುಳಿನ ಹೊತ್ತಿಗೆ ವ್ಯಾನ್‌ಪೋರ್ಟ್ ನಗರ ಇಲ್ಲವಾಗಿತ್ತು. ಅದು ಮತ್ತೆ ಕಟ್ಟಲ್ಪಡಲಿಲ್ಲ.

ಅಂದಿನ ಪ್ರವಾಹದ ಉತ್ತುಂಗ ದ ಡ್ಯಾಲೆಸ್ ಎಂಬಲ್ಲಿ ಸುಮಾರು 10 ಲಕ್ಷ ಕ್ಯೂಸೆಕ್. 1894ರಲ್ಲಿ ಇದಕ್ಕಿಂತಲೂ ದೊಡ್ಡ ಪ್ರವಾಹ, ಸುಮಾರು 12.4 ಲಕ್ಷ ಕ್ಯೂಸೆಕ್, ಅದೇ ನದಿಯಲ್ಲಿ ಹರಿದಿತ್ತು. ಎಂದರೆ ನದಿ ತನ್ನ ಶಕ್ತಿಯನ್ನು ಮೊದಲೇ ತೋರಿಸಿತ್ತು. ಬೆಟ್ಟದ ಹಿಮದ ಲೆಕ್ಕವೂ ಇತ್ತು, ನದಿಯ ಮಟ್ಟವೂ ಎಲ್ಲರ ಕಣ್ಣೆದುರಿಗಿತ್ತು. ಇಲ್ಲದೇ ಹೋದದ್ದು, ಅಳತೆಗೂ ಮನೆಬಾಗಿಲಿಗೂ ನಡುವೆ ಇರಬೇಕಾದ ಸೇತುವೆ. ಅಧಿಕಾರದಲ್ಲಿದ್ದವರು ಜನರ ಗಾಬರಿಗೆ ಹೆಚ್ಚು ಹೆದರಿದರು, ನೀರಿಗೆ ಕಡಿಮೆ ಹೆದರಿದರು. ನಿಧಾನವಾಗಿ ಏರುವ ನೀರು ಮನಸ್ಸನ್ನು ಮಂಕುಗೊಳಿಸುತ್ತದೆ. ನಿನ್ನೆ ಏನೂ ಆಗಲಿಲ್ಲವಾದ್ದರಿಂದ ಇಂದೂ ಆಗದು ಎಂಬ ಭಾವನೆ ಬೆಳೆಯುತ್ತದೆ. ಏರಿಯಾದರೋ ಬಹುಕಾಲ ನೆನೆದು ಒಳಗೊಳಗೇ ದುರ್ಬಲವಾಗಿ ಒಂದು ಗಳಿಗೆಯಲ್ಲಿ ಕುಸಿಯುತ್ತದೆ. ನೀರು ಮೆಲ್ಲಗೆ ಏರಿತೆಂದು ಏರಿಯೂ ಮೆಲ್ಲಗೆ ಸೋಲುವುದಿಲ್ಲ.

ಪಾಠ ಕಲಿತ ಬಗೆ

ಅದೇ ಬೇಸಿಗೆ ಗಡಿಯಾಚೆ ಕೆನಡಾದ ಫ್ರೇಸರ್ ನದಿಯೂ ಉಕ್ಕಿತು. ಅಲ್ಲಿ 10 ಜನ ಸತ್ತರು, ಸುಮಾರು 16,000 ಜನ ಮನೆ ತೊರೆದರು, ದೇಶದ ಎರಡು ಮುಖ್ಯ ರೈಲುಮಾರ್ಗಗಳು ಕಡಿದುಹೋದವು. ನಂತರದ ವರ್ಷಗಳಲ್ಲಿ ಅಲ್ಲಿನ ಏರಿಗಳನ್ನು ಬಲಪಡಿಸುವ ದೊಡ್ಡ ಯೋಜನೆ 1968ರಲ್ಲಿ ಆರಂಭವಾಯಿತು. 1894ರ ಪ್ರವಾಹವನ್ನು ಅಳತೆಗೋಲಾಗಿ ಇಟ್ಟುಕೊಂಡು ಏರಿಯ ಎತ್ತರವನ್ನು ಗೊತ್ತುಮಾಡುವ ಕ್ರಮ ನೆಲೆಗೊಂಡಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನದಿ ಮುನ್ಸೂಚನಾ ಕೇಂದ್ರ ಚಳಿಗಾಲದಿಂದ ಬೇಸಿಗೆಯ ಮೊದಲ ಭಾಗದವರೆಗೆ ಹಿಮದ ವರದಿಯನ್ನು ನಿಯತವಾಗಿ ಪ್ರಕಟಿಸುತ್ತದೆ.

ಕೊಲಂಬಿಯಾ ನದಿಯ ವಿಷಯದಲ್ಲಿ ಎರಡು ದೇಶಗಳು 1961ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. 1964ರಲ್ಲಿ ಅದು ಜಾರಿಗೆ ಬಂದಿತು. ಕೆನಡಾದಲ್ಲಿ ಮೂರು ಅಣೆಕಟ್ಟುಗಳನ್ನು ಕಟ್ಟಿ ಒಂದೂವರೆ ಕೋಟಿ ಎಕರೆ-ಅಡಿಗೂ ಹೆಚ್ಚು, ಎಂದರೆ ಸುಮಾರು 675 ಟಿ.ಎಂ.ಸಿ. ನೀರು ಹಿಡಿಯುವ ಜಾಗವನ್ನು ಒದಗಿಸಲಾಯಿತು. ಹಿಮದ ಲೆಕ್ಕ ಹೆಚ್ಚು ಬಂದ ವರ್ಷ ಚಳಿಗಾಲದಲ್ಲೇ ಜಲಾಶಯಗಳನ್ನು ಅಷ್ಟರ ಮಟ್ಟಿಗೆ ಬರಿದು ಮಾಡಿ, ಕರಗಿ ಬರುವ ನೀರಿಗೆ ಎಡೆ ಮಾಡಿಕೊಡುವುದು ಇದರ ಕ್ರಮ. ವಿದ್ಯುತ್ತಿಗೂ ನೀರಾವರಿಗೂ ಜಲಾಶಯ ತುಂಬಿರಬೇಕು, ನೆರೆ ತಡೆಯಲು ಖಾಲಿಯಿರಬೇಕು ಎಂಬ ಹಗ್ಗಜಗ್ಗಾಟ ಕರ್ನಾಟಕದ ಓದುಗರಿಗೆ ಹೊಸದಲ್ಲ. ಹಿಮದ ನದಿಯಲ್ಲಿ ಈ ಜಗ್ಗಾಟವನ್ನು ಬಿಡಿಸಲು ಚಳಿಗಾಲದ ಅಳತೆ ನೆರವಾಗುತ್ತದೆ ಎಂಬುದಷ್ಟೇ ವಿಶೇಷ. ಆದರೆ ಈ ರಕ್ಷಣೆಗೂ ಬೆಲೆ ತೆತ್ತವರಿದ್ದಾರೆ. ಜಲಾಶಯಗಳಿಗಾಗಿ ಕೆನಡಾದ ಕಣಿವೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು, ಆದಿವಾಸಿ ಜನಾಂಗಗಳ ಅಭಿಪ್ರಾಯವನ್ನು ಅಂದು ಯಾರೂ ಕೇಳಲಿಲ್ಲ. ನೆರೆನಿಯಂತ್ರಣಕ್ಕೆ ಅಮೆರಿಕ ಮುಂಗಡವಾಗಿ ಹಣ ತೆತ್ತ 60 ವರ್ಷಗಳ ಅವಧಿ 2024ರಲ್ಲಿ ಮುಗಿದಿದೆ.

ಮರಳಿ ಬಂದ ಸರೋವರ

ಕ್ಯಾಲಿಫೋರ್ನಿಯಾದ ಟುಲಾರೆ ಒಂದು ಕಾಲದಲ್ಲಿ ಅಮೆರಿಕದ ಪಶ್ಚಿಮಭಾಗದ ಅತಿದೊಡ್ಡ ಸಿಹಿನೀರಿನ ಸರೋವರವಾಗಿತ್ತು. ಸಿಯೆರಾ ನೆವಾಡದಿಂದ ಇಳಿಯುವ ನದಿಗಳನ್ನು ಕಾಲುವೆಗಳಿಗೆ ತಿರುಗಿಸಿದ ಮೇಲೆ ಅದು ಬತ್ತಿ ಹೊಲವಾಯಿತು. 2023ರ ಏಪ್ರಿಲ್ ಆರಂಭದಲ್ಲಿ ರಾಜ್ಯದ ಹಿಮದ ಜಲತುಲ್ಯ ಪ್ರಮಾಣ ವಾಡಿಕೆಯ ಶೇಕಡಾ 237ರಷ್ಟಿತ್ತು. ಮಾರ್ಚ್ ತಿಂಗಳ ಬಿರುಗಾಳಿ ಮಳೆಯಿಂದಲೇ ಸರೋವರದ ಹಳೆಯ ತಳ ತುಂಬತೊಡಗಿತ್ತು. ಹಿಮವಿನ್ನೂ ಬೆಟ್ಟದಲ್ಲಿತ್ತು.

ಸರೋವರದ ಅಂಚಿನಲ್ಲಿ ಕಾರ್ಕೊರಾನ್ ಎಂಬ ಪಟ್ಟಣವಿದೆ. ಅಲ್ಲಿ ಎರಡು ದೊಡ್ಡ ಸೆರೆಮನೆಗಳಿವೆ. ಎಚ್ಚರಿಕೆ ಸಿಕ್ಕರೂ ತಾವಾಗಿ ಹೊರಡಲಾರದ ಸಾವಿರಾರು ಜನ ಅವುಗಳಲ್ಲಿದ್ದಾರೆ. ಪಟ್ಟಣವನ್ನು ಕಾಯುವ ಏರಿ, ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ನೆಲದ ಸಮೇತ ಕುಸಿದು ತಗ್ಗಾಗಿತ್ತು. ಹಿಮದ ಲೆಕ್ಕ ಕೈಯಲ್ಲಿದ್ದುದರಿಂದ ರಾಜ್ಯ ಸರ್ಕಾರದ ಹಣದಿಂದ ಆ ಏರಿಯನ್ನು ಹಿಮ ಪೂರ್ತಿ ಇಳಿಯುವ ಮೊದಲೇ ಎತ್ತರಿಸಲಾಯಿತು. ಜಲಾಶಯಗಳಿಂದ ಮುಂಚಿತವಾಗಿ ನೀರು ಬಿಡಲಾಯಿತು. ಒಂದು ಲಕ್ಷ ಎಕರೆಗೂ ಹೆಚ್ಚು ಹೊಲ ನೀರಿನಡಿಯಾಯಿತು, ಆದರೆ ಪಟ್ಟಣ ಮುಳುಗಲಿಲ್ಲ. ಆ ವರ್ಷದ ವಸಂತ ತಂಪಾಗಿದ್ದುದೂ ನೆರವಾಯಿತು. ಹಿಮದ ಪ್ರಮಾಣ ಅಸಾಧಾರಣವಾಗಿತ್ತು, ವೇಗ ಮಾತ್ರ ದಯೆ ತೋರಿತು. ಹೊಲ ಮುಳುಗಿದಾಗ ಕೂಲಿ ಕಳೆದುಕೊಂಡ ಕೃಷಿಕಾರ್ಮಿಕರಿಗೆ ಮಾತ್ರ ಯಾವ ಏರಿಯೂ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಸಿದ್ಧತೆಯ ಎರಡು ಹಂತಗಳು

ಈ ನಿದರ್ಶನಗಳಿಂದ ಸಮುದಾಯದ ಸಿದ್ಧತೆಗೆ ಒಂದು ಕ್ರಮವನ್ನು ಗುರುತಿಸಬಹುದು. ಮೊದಲನೆಯ ಹಂತ ಚಳಿಗಾಲದ್ದು. ಹಿಮದ ವರದಿ ಬಂದ ದಿನದಿಂದ ಹಿಮ ಮಾಗುವ ದಿನದವರೆಗಿನ ತಿಂಗಳುಗಳು ದುಡಿಮೆಗೆ ಮೀಸಲು. ಏರಿಯ ಉದ್ದಕ್ಕೂ ನಡೆದು ಇಲಿ ಹೆಗ್ಗಣಗಳ ಬಿಲ, ಬಿರುಕು, ಮರದ ಬೇರು, ತಗ್ಗಾದ ಜಾಗಗಳನ್ನು ಗುರುತಿಸಿ ದುರಸ್ತಿ ಮಾಡಬೇಕು. ಏರಿಯಲ್ಲದ್ದನ್ನು ಏರಿಯೆಂದು ನೆಚ್ಚಿಕೊಂಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಮೋರಿ, ಕಾಲುವೆಗಳ ಹೂಳು ತೆಗೆಯಬೇಕು. ನದಿಯ ಇಷ್ಟು ಮಟ್ಟಕ್ಕೆ ಯಾವ ಬೀದಿಗೆ ನೀರು ಬಂದೀತು ಎಂಬುದನ್ನು ನಕ್ಷೆಯಲ್ಲಿ ಮಾತ್ರವಲ್ಲದೆ ಕಂಬಗಳ ಮೇಲೆ, ಗೋಡೆಗಳ ಮೇಲೆ ಬಣ್ಣದ ಗೆರೆಯಿಂದ ತೋರಿಸಬೇಕು. ‘ವಾಡಿಕೆಯ ಶೇಕಡಾ ಇಷ್ಟು’ ಎಂಬ ಮಾತು ಗೃಹಿಣಿಗೂ ರೈತನಿಗೂ ಏನನ್ನೂ ಹೇಳದು. ‘ನೀರು ಶಾಲೆಯ ಮೆಟ್ಟಿಲಿನ ತನಕ’ ಎಂಬ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ದನಕರುಗಳಿಗೆ ಎತ್ತರದ ಜಾಗ, ಮೇವು, ಬಿತ್ತನೆ ಬೀಜ, ಜಮೀನಿನ ಕಾಗದಪತ್ರಗಳಿಗೆ ಭದ್ರ ಸ್ಥಳ ಇವೆಲ್ಲ ಈ ಹಂತದಲ್ಲೇ ಗೊತ್ತಾಗಬೇಕು.

ಎರಡನೆಯ ಹಂತ ಕೊನೆಯ ವಾರದ್ದು. ಇಲ್ಲಿ ಹವಾಮಾನದ ಮುನ್ಸೂಚನೆ, ರಾತ್ರಿಯ ಬಿಸುಪು, ನದಿಯ ಮಟ್ಟ ಇವು ದಾರಿ ತೋರುತ್ತವೆ. ಬೆಟ್ಟದಲ್ಲಿ ರಾತ್ರಿಯೂ ಹಿಮ ಹೆಪ್ಪುಗಟ್ಟದಿದ್ದರೆ ಕರಗುವಿಕೆಗೆ ಬಿಡುವಿಲ್ಲ ಎಂದರ್ಥ. ಯಾವ ಮಟ್ಟ ಮುಟ್ಟಿದರೆ ಮುದುಕರು, ರೋಗಿಗಳು, ಬಸುರಿಯರು ಹೊರಡಬೇಕು, ಯಾವ ಮಟ್ಟಕ್ಕೆ ಎಲ್ಲರೂ ಹೊರಡಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿ ಬರೆದಿಟ್ಟಿರಬೇಕು. ನೀರು ಏರುತ್ತಿರುವಾಗ ಸಭೆ ಸೇರಿ ಚರ್ಚಿಸಿದರೆ ‘ಇನ್ನೊಂದು ದಿನ ನೋಡೋಣ’ ಎಂಬ ಮಾತೇ ಗೆಲ್ಲುತ್ತದೆ. ಎಚ್ಚರಿಕೆ ನೀಡುವವರು ಜನರ ನಂಬಿಕೆಗೆ ಪಾತ್ರರಾದ, ಅವರ ಭಾಷೆಯಾಡುವ ಸ್ಥಳೀಯರಾಗಿರಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವ ಪ್ರಾಮಾಣಿಕತೆಯೂ ಸಿದ್ಧತೆಯ ಭಾಗವೇ. ನೆರೆ ಬಾರದೆ ಹೋದ ವರ್ಷ ಎಚ್ಚರಿಸಿದವರನ್ನು ಹಳಿಯುವ ಸಮುದಾಯ, ಮುಂದಿನ ವರ್ಷ ಅವರ ಬಾಯಿ ಕಟ್ಟಿದಂತೆ.

ಹಿಮಾಲಯದ ಸನ್ನಿವೇಶ

ಭಾರತದಲ್ಲಿ ಸಟ್ಲೆಜ್, ಬಿಯಾಸ್, ಚೀನಾಬ್ ಮುಂತಾದ ನದಿಗಳಿಗೆ ಹಿಮ ಮತ್ತು ಹಿಮನದಿಗಳ ನೀರು ಮುಖ್ಯ ಆಧಾರ. ಭಾಕ್ರಾ ಜಲಾಶಯಕ್ಕೆ ಬರುವ ಸಟ್ಲೆಜ್ ನೀರಿನಲ್ಲಿ ವಾರ್ಷಿಕವಾಗಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದೆಂದು ಅಧ್ಯಯನಗಳು ಅಂದಾಜಿಸಿವೆ. ಉಪಗ್ರಹ ಚಿತ್ರಗಳಲ್ಲಿ ಕಾಣುವ ಹಿಮಾವೃತ ಪ್ರದೇಶದ ವಿಸ್ತಾರದಿಂದ ಬೇಸಿಗೆಯ ಒಳಹರಿವನ್ನು ಅಂದಾಜಿಸುವ ಪ್ರಯತ್ನಗಳು 1980ರ ದಶಕದಿಂದ ನಡೆದಿವೆ. ಆದರೆ ಹಿಮಾಲಯ ಎರಡು ರೀತಿಯಲ್ಲಿ ಭಿನ್ನ. ಕರಗುವ ಋತು ಮುಗಿಯುವ ಮೊದಲೇ ಮುಂಗಾರು ಬಂದು ಸೇರುತ್ತದೆ. ಸಟ್ಲೆಜ್‌ನಂತಹ ನದಿಯ ಜಲಾನಯನದ ದೊಡ್ಡ ಭಾಗ ಟಿಬೆಟ್ಟಿನಲ್ಲಿರುವುದರಿಂದ ಅಳತೆಗೆ ಗಡಿ ಅಡ್ಡವಾಗುತ್ತದೆ.

ಇದರ ಪರಿಣಾಮವನ್ನು ಎರಡು ಘಟನೆಗಳು ತೋರಿಸಿವೆ. 2000ದ ಆಗಸ್ಟ್ 1ರಂದು ಸಟ್ಲೆಜ್ ಮುನ್ಸೂಚನೆಯೇ ಇಲ್ಲದೆ ಉಕ್ಕಿ ಹಿಮಾಚಲದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2004ರಲ್ಲಿ ಟಿಬೆಟ್ಟಿನ ಪಾರೀಚು ನದಿಗೆ ಭೂಕುಸಿತ ಅಡ್ಡವಾಗಿ ಸರೋವರವೊಂದು ಉಂಟಾದಾಗ ಅದನ್ನು ಉಪಗ್ರಹಗಳ ಮೂಲಕ ಕಾಯಲಾಯಿತು. ಆ ಚಳಿಗಾಲದ ಹೇರಳ ಹಿಮ ಕರಗಿ ಸರೋವರ ತುಂಬಿ, 2005ರ ಜೂನ್ 26ರಂದು ಒಡ್ಡು ಒಡೆಯಿತು. ಕಿನ್ನೌರಿನ ಸೇತುವೆಗಳು, ರಸ್ತೆಗಳು ಕೊಚ್ಚಿಹೋದವು. ದಡದ ಜನರನ್ನು ಎಚ್ಚರಿಸಿ ಸ್ಥಳಾಂತರಿಸಿದ್ದರಿಂದ ಪ್ರಾಣಹಾನಿ ಬಹುಮಟ್ಟಿಗೆ ತಪ್ಪಿತು. ನದಿ ಒಂದೇ, ಕಣಿವೆ ಒಂದೇ. ನಡುವೆ ಕಂಡ ವ್ಯತ್ಯಾಸ, ಕಾದು ನೋಡಿದ ಕಣ್ಣು ಮತ್ತು ಸಕಾಲಕ್ಕೆ ತಲುಪಿದ ಮಾತು.

ಇಂತಹ ಸರೋವರಸ್ಫೋಟಗಳು ಋತುಮಾನದ ನೆರೆಯಲ್ಲ ಎಂಬುದನ್ನು ಮರೆಯಬಾರದು. 2013ರ ಜೂನ್‌ನಲ್ಲಿ ಕೇದಾರನಾಥವನ್ನು ಹಾಳುಗೆಡವಿದ್ದು ಅತಿವೃಷ್ಟಿ ಮತ್ತು ಚೋರಾಬಾರಿ ಸರೋವರದ ಒಡೆತ. ಅಲ್ಲಿ ದೊರೆತ ಅವಕಾಶ ನಿಮಿಷಗಳದು. ಕರ್ನಾಟಕದ ವೀರಶೈವ ಪರಂಪರೆಯಿಂದ ರಾವಲರನ್ನು ಪಡೆಯುವ ಆ ಕ್ಷೇತ್ರಕ್ಕೆ ಪ್ರತಿವರ್ಷ ಕನ್ನಡಿಗರು ಹೋಗುತ್ತಾರೆ. ಲಾಹೌಲ್-ಸ್ಪಿತಿಯ ಕಡೆಗೆ ಚಾರಣಕ್ಕೆ ಹೋಗುವ ಕನ್ನಡಿಗರೂ ಇದ್ದಾರೆ. ಹಿಮದ ಹಳ್ಳಗಳನ್ನು ಬೆಳಿಗ್ಗೆ ದಾಟಬೇಕು, ಮಧ್ಯಾಹ್ನದ ಮೇಲೆ ದಾಟಬಾರದು ಎಂಬ ಅಲ್ಲಿನ ಜನರ ವಾಡಿಕೆಯಲ್ಲಿ ಕರಗುವಿಕೆಯ ವಿಜ್ಞಾನವೇ ಅಡಗಿದೆ. ಹಗಲಿನ ಬಿಸಿಲು ಕರಗಿಸಿದ ನೀರು ಸಂಜೆಗೆ ಹಳ್ಳವನ್ನು ಮುಟ್ಟುತ್ತದೆ.

ಉಪಸಂಹಾರ

ಭೂಮಿ ಬಿಸಿಯಾಗುತ್ತಿರುವಂತೆ ಹಿಮದ ಲೆಕ್ಕವೂ ಕಷ್ಟವಾಗುತ್ತಿದೆ. ಹಿಂದೆ ಹಿಮವಾಗಿ ಬೀಳುತ್ತಿದ್ದುದು ಮಳೆಯಾಗಿ ಬೀಳುತ್ತಿದೆ. ಪಶ್ಚಿಮ ಅಮೆರಿಕದ ಹಲವು ನದಿಗಳಲ್ಲಿ ಕರಗುವ ಋತು ಇಪ್ಪತ್ತನೆಯ ಶತಮಾನದ ನಡುಭಾಗಕ್ಕಿಂತ ಒಂದರಿಂದ ನಾಲ್ಕು ವಾರ ಮುಂಚೆ ಬರತೊಡಗಿದೆ. ಹಳೆಯ ದಾಖಲೆಗಳಿಂದ ಹೊಸ ವರ್ಷವನ್ನು ಊಹಿಸುವುದು ಮೊದಲಿನಷ್ಟು ಸುಲಭವಲ್ಲ. ಆದರೂ ಬೆಟ್ಟದ ಮೇಲೆ ಹಿಮ ಇರುವವರೆಗೆ ಅದನ್ನು ತೂಗಬಹುದು, ತೂಗಿದ್ದನ್ನು ಜನರಿಗೆ ಹೇಳಬಹುದು. ಭಾರತದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾ ಮಟ್ಟದವರೆಗೂ ಪ್ರಾಧಿಕಾರಗಳನ್ನು ಒದಗಿಸಿದೆ. ಆ ವ್ಯವಸ್ಥೆ ಕಿನ್ನೌರಿನ ಒಂದು ಹಳ್ಳಿಯಲ್ಲಿ ಜೀವ ತಳೆಯಬೇಕಾದರೆ, ಚಳಿಗಾಲದಲ್ಲಿ ಅಳೆದ ಅಂಕಿ ಚೈತ್ರ ಮುಗಿಯುವ ಮೊದಲು ಅಲ್ಲಿನ ಪಂಚಾಯಿತಿಯ ಕಟ್ಟೆಗೆ ಬಂದು, ಯಾವ ಮನೆ ಯಾವ ದಿನ ಖಾಲಿಯಾಗಬೇಕು ಎಂಬ ಮಾತಾಗಬೇಕು. ವ್ಯಾನ್‌ಪೋರ್ಟಿನ ಬಾಗಿಲುಗಳಿಗೆ 1948ರ ಆ ಬೆಳಿಗ್ಗೆ ಹಂಚಿದ ಚೀಟಿಯಲ್ಲಿ ಬರೆಯಬೇಕಾಗಿದ್ದುದೂ ಅಷ್ಟೇ.